ಶಿಸ್ತಿನ ಪ್ರವಾಸ: ಬೇಕಲದಿಂದ ಗೋಕರ್ಣಕ್ಕೆ

ದೇಶ ಸುತ್ತು, ಕೋಶ ಓದು ಎಂಬುದು ಹಿರಿಯರ ಮಾತು. ಕೋಶವೆಂದರೆ ಗ್ರಂಥವೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತ ಬಂದಿದ್ದೇವೆ. ಆ ಪದಕ್ಕೆ ಬೊಕ್ಕಸವೆಂಬ ಇನ್ನೊಂದು ಅರ್ಥವೂ ಉಂಟು. ಈ ಎರಡನೆಯ ಕೋಶವನ್ನು ಮೊದಲು ಓದಿಕೊಳ್ಳದವನು ದೇಶ ಸುತ್ತಲಾರನೆಂಬುದು ಸಂಸಾರಸ್ಥರಿಗೆಲ್ಲ ತಿಳಿದ ಸಂಗತಿ.

ನಮ್ಮ ಶಾಲೆ ಕಾಸರಗೋಡಿನ ಒಳನಾಡಿನ ಒಂದು ಹಳ್ಳಿಯದು. ಮಕ್ಕಳ ತಂದೆತಾಯಿಗಳಲ್ಲಿ ಹೆಚ್ಚಿನವರು ಬೀಡಿ ಕಟ್ಟುವವರು, ಅಡಿಕೆ ತೋಟಗಳಲ್ಲಿ ದುಡಿಯುವವರು. ರಜೆಯಲ್ಲಿ ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿರೆಂದರೆ, “ಅದೆಲ್ಲ ದುಡ್ಡಿದ್ದವರಿಗೆ, ಮಾಷ್ಟ್ರೇ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಳೆದ ವರ್ಷ ಆರನೆಯ ತರಗತಿಯಲ್ಲಿ, ಬೇಕಲ ಕೋಟೆಯನ್ನು ಕಣ್ಣಾರೆ ಕಂಡವರು ಕೈಯೆತ್ತಿರೆಂದು ಕೇಳಿದಾಗ ಇಪ್ಪತ್ತಮೂರು ಮಕ್ಕಳಲ್ಲಿ ಮೇಲೆದ್ದುದು ನಾಲ್ಕೇ ಕೈ. 1995ರ ‘ಬಾಂಬೆ’ ಚಲನಚಿತ್ರದ ಹಾಡಿನಲ್ಲಿ ಅದನ್ನು ಕಂಡವರು ಅದಕ್ಕಿಂತ ಹೆಚ್ಚು. ತಮ್ಮ ಜಿಲ್ಲೆಯ ಕೋಟೆಯನ್ನು ಮೊಬೈಲಿನಲ್ಲಿ ಮಾತ್ರ ಕಂಡ ಮಕ್ಕಳಿಗೆ ಚರಿತ್ರೆಯೆಂದರೆ ಬೇರೆಯವರ ಊರಿನಲ್ಲಿ ನಡೆದ ವಿಷಯವೆಂದೇ ಭಾವನೆ ಮೂಡುತ್ತದೆ. ಆದುದರಿಂದ ನಮ್ಮ ಮನೆಯ ಪ್ರವಾಸವನ್ನೇ ಒಂದು ಲೆಕ್ಕದ ಪಾಠವಾಗಿಸಿ, ಅದನ್ನು ಹೆತ್ತವರ ಸಭೆಯಲ್ಲಿ ಓದಿ ಹೇಳಬೇಕೆಂದು ನಿಶ್ಚಯಿಸಿದೆವು. ನಮ್ಮನ್ನೂ ಸೇರಿಸಿ ಐದು ಜನ: ಮನೆಯಾಕೆ, ಎಂಬತ್ತರ ಪ್ರಾಯದ ತಾಯಿಯವರು, ಒಂಬತ್ತನೆಯ ತರಗತಿಯ ಮಗಳು, ಐದನೆಯ ತರಗತಿಯಲ್ಲಿ ಓದುವ ತಂಗಿಯ ಮಗ. ಹೊರಗೆ ಉಳಿಯುವುದು ಎರಡು ರಾತ್ರಿ. ಒಟ್ಟು ಖರ್ಚು ಹತ್ತು ಸಾವಿರ ರೂಪಾಯಿಗಳನ್ನು ಮೀರಬಾರದು.

ಈ ವಿಷಯದಲ್ಲಿ ನಮಗೆ ಗುರುವಾದವನು ಕೆಳದಿಯ ಶಿವಪ್ಪನಾಯಕ. 1645ರಿಂದ 1660ರ ವರೆಗೆ ಆಳಿದ ಆ ಅರಸ ಕಂದಾಯವನ್ನು ನಿಗದಿ ಮಾಡುವ ಮುನ್ನ ಒಂದೊಂದು ತರದ ನೆಲವನ್ನು ಹಲವು ವರ್ಷ ತಾನೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗಲಿದ ವೆಚ್ಚ, ಬಂದ ಬೆಳೆ, ಸಿಕ್ಕಿದ ಬೆಲೆ ಎಲ್ಲವನ್ನೂ ಬರೆಯಿಸಿ ಸರಾಸರಿ ತೆಗೆದನೆಂದು ಹೇಳುತ್ತಾರೆ. ಅದಕ್ಕೆ ‘ಶಿವಪ್ಪನಾಯಕನ ಶಿಸ್ತು’ ಎಂದೇ ಹೆಸರು. ಮೊದಲು ಅಳೆ, ಆಮೇಲೆ ಗೊತ್ತುಮಾಡು ಎಂಬುದು ಅದರ ತಿರುಳು. ಪ್ರವಾಸಕ್ಕೂ ಇದೇ ಸೂತ್ರ ಸಾಕು.

ಫೆಬ್ರವರಿಯಿಂದ ನವೆಂಬರಿನ ವರೆಗೆ ತಿಂಗಳಿಗೆ ಸಾವಿರದಂತೆ ಡಬ್ಬಿಯೊಂದರಲ್ಲಿ ಹಾಕಿದೆವು. ಪ್ರಯಾಣಕ್ಕೆ 2,500, ವಸತಿಗೆ 3,200, ಊಟತಿಂಡಿಗೆ 2,300, ದೋಣಿ ಮತ್ತು ಪ್ರವೇಶ ಶುಲ್ಕಗಳಿಗೆ 1,000, ಆಪತ್ತಿಗೆಂದು 1,000. ಒಂದೊಂದು ಬಾಬಿಗೆ ಒಂದೊಂದು ಲಕೋಟೆ. ಲಕೋಟೆಗಳ ಯಜಮಾನಿಕೆ ಮಗಳದು. ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕುವುದಿದ್ದರೆ ಅವಳ ಪುಸ್ತಕದಲ್ಲಿ ಕಾರಣವನ್ನು ಬರೆದು ರುಜು ಹಾಕತಕ್ಕದ್ದು.

ಖರ್ಚು ಏರುವುದು ದೂರದಿಂದಲ್ಲ, ಅಡ್ಡಾದಿಡ್ಡಿ ತಿರುಗಾಟದಿಂದ. ಒಂದೇ ರೈಲುದಾರಿ, ಒಂದೇ ಕರಾವಳಿ ಎಂದು ಇಟ್ಟುಕೊಂಡರೆ ಬಾಡಿಗೆ ಕಾರಿನ ಮಾತೇ ಬರುವುದಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಗಾಡಿಗಳಿಗೆ ಬರವಿಲ್ಲ. ಅಲ್ಲಿಂದ ಉತ್ತರಕ್ಕೆ 1998ರ ಜನವರಿಯಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲ್ವೆ ಉಂಟು. ಉಡುಪಿ, ಬಾರಕೂರು, ಕುಮಟಾ, ಮಿರ್ಜಾನ, ಗೋಕರ್ಣ ರೋಡ್ ಎಲ್ಲವೂ ಆ ಒಂದೇ ಹಳಿಯ ಮೇಲಿನ ನಿಲ್ದಾಣಗಳು. ಇನ್ನು ಕಾಲ. ನಮ್ಮ ಓಣಂ ರಜೆ ಮಳೆಗಾಲದ ಕೊನೆಗೆ ಬೀಳುತ್ತದೆ. ಆಗ ಕಡಲು ಒರಟು, ದ್ವೀಪಕ್ಕೆ ದೋಣಿಯಿಲ್ಲ. ಡಿಸೆಂಬರಿನ ರಜೆಯೇ ತಕ್ಕುದು. ಆದರೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದ ವರೆಗೆ ಕಡಲತೀರದ ಕೋಣೆಗಳ ಬಾಡಿಗೆ ಗಗನಕ್ಕೇರುವುದರಿಂದ, ರಜೆ ಸಿಕ್ಕಿದ ಮರುದಿನವೇ ಹೊರಡುವುದು ಜಾಣತನ.

ಹೊರಡುವ ಹಿಂದಿನ ಭಾನುವಾರವನ್ನು ಬೇಕಲಕ್ಕೆ ಮೀಸಲಿಟ್ಟೆವು. ಕಾಸರಗೋಡಿನಿಂದ ಸುಮಾರು ಹದಿನಾರು ಕಿಲೋಮೀಟರು. ಬಸ್ಸಿನಲ್ಲಿ ಹೋಗಿ ಬುತ್ತಿ ಉಂಡು ಸಂಜೆಗೆ ಮನೆ ಸೇರಬಹುದು. ದಾರಿಯಲ್ಲಿ ದಾಟುವ ಚಂದ್ರಗಿರಿ ಹೊಳೆ ಹಿಂದೆ ತುಳುನಾಡಿಗೂ ಮಲೆಯಾಳಕ್ಕೂ ನಡುವಣ ಗಡಿ. ಅದರ ದಂಡೆಯ ಮೇಲೊಂದು ಕೋಟೆ; ಬೇಕಲದಲ್ಲಿ ಇನ್ನೊಂದು; ಇನ್ನೂ ತೆಂಕಕ್ಕೆ ಕಾಞಂಗಾಡಿನಲ್ಲಿ ಮತ್ತೊಂದು. ಮೂರೂ ಕೆಳದಿಯವರ ಕಾಲದವು. ಕಾಞಂಗಾಡು ಸೇರಿದ ತಾಲೂಕಿಗೆ ಇಂದಿಗೂ ಹೊಸದುರ್ಗವೆಂದೇ ಹೆಸರು. ಹೊಸದಾದ ದುರ್ಗ ಹೊಸದುರ್ಗ ಎಂದು ವಿಗ್ರಹವಾಕ್ಯ ಮಾಡಿ ತೋರಿಸಿದಾಗ ತಂಗಿಯ ಮಗ ಬಸ್ಸಿನ ಫಲಕವನ್ನು ಎರಡು ಸಲ ಓದಿದ.

ಬೇಕಲ ಕೋಟೆ ಸುಮಾರು ನಲವತ್ತು ಎಕರೆಯಷ್ಟು ವಿಸ್ತಾರವಾದುದು. ಕೇರಳದಲ್ಲಿಯೇ ಅತಿ ದೊಡ್ಡದು. 1650ರ ಸುಮಾರಿಗೆ ಶಿವಪ್ಪನಾಯಕ ಕಟ್ಟಿಸಿದನೆಂದು ಪ್ರಸಿದ್ಧಿ. ಅದಕ್ಕೂ ಮೊದಲು ಅಲ್ಲಿ ಕೋಲತ್ತಿರಿ ಅರಸರ ಕೋಟೆಯಿತ್ತೆಂಬ ಅಭಿಪ್ರಾಯವೂ ಉಂಟು. ಆಮೇಲೆ ಅದು ಹೈದರನ ವಶವಾಯಿತು; 1799ರಲ್ಲಿ ಟಿಪ್ಪು ಮಡಿದ ಬಳಿಕ ಇಂಗ್ಲಿಷರ ಕೈಸೇರಿ, ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಿನ ಕೇಂದ್ರವೂ ಆಯಿತು. ಒಳಗೆ ಅರಮನೆಯನ್ನು ಹುಡುಕಿ ಹೋದವರಿಗೆ ನಿರಾಸೆಯೇ ಸರಿ. ಇದು ಕಾವಲಿನ ಕೋಟೆ. ನಮ್ಮ ಮನೆಗಳ ಗೋಡೆಯದೇ ಮುರಕಲ್ಲು, ಮೆಟ್ಟಿಲಿಳಿದು ಹೋಗುವ ಕೊಳ, ಮದ್ದಿನ ಮನೆ, ಇಳಿಜಾರು ದಾರಿಯ ದೊಡ್ಡ ಬುರುಜು. ಗೋಡೆಯ ಕಂಡಿಗಳನ್ನು ಮಕ್ಕಳಿಂದ ಎಣಿಸಿ ನೋಡಿಸಬೇಕು. ಮೇಲಿನವು ದೂರದ ಶತ್ರುವಿಗೆ, ಕೆಳಗಿನವು ಹತ್ತಿರ ಬಂದವನಿಗೆ. ಒಂದೊಂದು ಕಂಡಿಗೂ ಕಣ್ಣಿಟ್ಟು ನೋಡಿದರೆ ಕೋನಗಳ ಪಾಠ ತಾನಾಗಿ ಮುಗಿಯುತ್ತದೆ. ಬಾಗಿಲ ಬಳಿ ಆಂಜನೇಯನ ಗುಡಿ, ಸಮೀಪದಲ್ಲಿಯೇ ಮಸೀದಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ಪಕ್ಕದ ಪಳ್ಳಿಕ್ಕರೆಯ ಮರಳಿನಲ್ಲಿ ಸಂಜೆ ಕಳೆಯಬಹುದು. ದೊಡ್ಡ ಪ್ರವಾಸ ಸಾಧ್ಯವಾಗದ ಮನೆಯವರಿಗೆ ಈ ಒಂದು ದಿನವೇ ಪೂರ್ಣ ಪ್ರವಾಸ.

ಮುಂದಿನ ವಾರ ಬೆಳಗಿನ ಗಾಡಿಗೆ ಹೊರಟೆವು. ಗಡಿಯವರಾದ ನಾವು ಲೆಕ್ಕ ಹಾಕುವಾಗ ಗಮನಿಸಬೇಕಾದ ಅಂಶಗಳಿವೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಆದರೆ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸವಿರಬೇಕು. ನಮ್ಮ ಮನೆಯ ಹೆಂಗಸರ ಚೀಟಿಯಲ್ಲಿರುವುದು ಕೇರಳದ ವಿಳಾಸ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿಯನ್ನು 2020ರಲ್ಲಿ ನಿಲ್ಲಿಸಲಾದುದರಿಂದ ತಾಯಿಯವರಿಗೂ ಪೂರ್ತಿ ಟಿಕೆಟ್ಟನ್ನೇ ಹಿಡಿದಿದ್ದೆವು. ಐದರಿಂದ ಹನ್ನೆರಡರ ಒಳಗಿನ ಹುಡುಗನಿಗೆ ಮಾತ್ರ ಅರ್ಧ ಟಿಕೆಟ್ಟು. ಮೊದಲ ದಿನದ ಬುತ್ತಿ ಮನೆಯಿಂದಲೇ: ಬಾಳೆಲೆಯಲ್ಲಿ ಕಟ್ಟಿದ ಪುಂಡಿ, ಬೆಲ್ಲ ಕಲಸಿದ ಅವಲಕ್ಕಿ, ಕಾಯಿಸಿ ಆರಿಸಿದ ಜೀರಿಗೆ ನೀರು. ನೀರು ಕೊಳ್ಳದೆ ಉಳಿದ ಹಣವನ್ನು ಮಗಳು ಪ್ರತ್ಯೇಕವಾಗಿ ಬರೆದಿಟ್ಟಳು.

ಗಾಡಿ ಮಂಜೇಶ್ವರವನ್ನು ದಾಟುವಾಗ ತಾಯಿಯವರು ಮಕ್ಕಳಿಗೆ, “ನಾನು ಶಾಲೆಗೆ ಹೋಗುವಾಗ ಬೇಕಲವೂ ಬಾರಕೂರೂ ಒಂದೇ ಜಿಲ್ಲೆ ಮಕ್ಕಳೇ” ಎಂದರು. 1956ರ ನವೆಂಬರ್ 1ರಂದು ಗಡಿ ಬಿದ್ದಾಗ ಅವರಿಗೆ ಹನ್ನೊಂದರ ಪ್ರಾಯ. ಪಾಠಪುಸ್ತಕದ ತಾರೀಖು ಪಕ್ಕದ ಆಸನದಲ್ಲಿ ಕುಳಿತು ಮಾತನಾಡಿದಂತಾಯಿತು. ಮನೆಯ ಹಿರಿಯರನ್ನು ಖರ್ಚಿನ ನೆಪದಿಂದ ಬಿಟ್ಟುಹೋಗಬಾರದೆನ್ನುವುದು ಇದಕ್ಕಾಗಿಯೇ.

ಉಡುಪಿಯಲ್ಲಿ ಸಾದಾ ಕೋಣೆಯೊಂದನ್ನು ಹಿಡಿದು, ಮಠದಲ್ಲಿ ಮಧ್ಯಾಹ್ನದ ಪ್ರಸಾದ ಸ್ವೀಕರಿಸಿ, ಬಸ್ಸಿನಲ್ಲಿ ಬಾರಕೂರಿಗೆ ಹೋದೆವು. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಉಡುಪಿಯಲ್ಲಿ ಸಾಲುಗಟ್ಟಿರುತ್ತವೆ; ಬಾರಕೂರಿನತ್ತ ತಿರುಗುವವು ಕಡಿಮೆ. ಅದು ಆಳುಪ ಅರಸರ ರಾಜಧಾನಿಯಾಗಿದ್ದ ಊರು. ವಿಜಯನಗರದವರ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತ್ಯದ ಕೇಂದ್ರ. ಈಗ ತೆಂಗಿನ ತೋಟಗಳ ನಡುವೆ ಗುಡಿಗಳೂ ಬಸದಿಗಳೂ ಹರಡಿಕೊಂಡ ಶಾಂತವಾದ ಹಳ್ಳಿ. ಕತ್ತಲೆ ಬಸದಿಯ ಆವರಣದಲ್ಲಿ ಕನ್ನಡ ಶಾಸನದ ಕಲ್ಲುಗಳು ನಿಂತಿವೆ. ಮಗಳು ಒಂದರ ಮುಂದೆ ಬಹಳ ಹೊತ್ತು ಕುಳಿತು, ಮೊದಲ ಸಾಲಿನಲ್ಲಿ ‘ಶ್ರೀ’ ಎಂಬುದನ್ನು ಗುರುತಿಸಿ, ಅಲ್ಲಿಂದ ಮುಂದೆ ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಬಿಡಿಸತೊಡಗಿದಳು. ಮುಂದೆ ಕನ್ನಡವನ್ನು ಬಿಟ್ಟುಬಿಡುವುದೇ ಲಾಭವೆಂದು ನೆಂಟರು ಹೇಳುತ್ತಿರುವ ಹುಡುಗಿ ಅವಳು. ನಾವೇನೂ ಹೇಳಹೋಗಲಿಲ್ಲ. ಅಂದು ರಾತ್ರಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಅವಳು ಹನ್ನೊಂದು ಹಳೆಯ ಅಕ್ಷರಗಳನ್ನು ಬರೆದುಕೊಂಡಿದ್ದಳು. ಬಾರಕೂರಿನಲ್ಲಿ ಆದ ಖರ್ಚು ಬಸ್ಸಿನದು ಮತ್ತು ಐದು ಲೋಟ ಚಹಾದ್ದು ಮಾತ್ರ.

ಎರಡನೆಯ ಬೆಳಿಗ್ಗೆ ಮಲ್ಪೆ. ಬಂದರಿನಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗಬೇಕು. ನಮ್ಮ ಪ್ರವಾಸದ ದುಬಾರಿ ಬಾಬು ಇದೊಂದೇ. ತಾಯಿಯವರೂ ಮನೆಯಾಕೆಯೂ ದಡದ ನೆರಳಲ್ಲಿ ಉಳಿದುದರಿಂದ ಎರಡು ಟಿಕೆಟ್ಟು ಉಳಿಯಿತು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಹೊರಚಿಮ್ಮಿದ ಲಾವಾ ಆರಿ ಕುಗ್ಗುವಾಗ ಬಿರುಕುಬಿಟ್ಟು ಕಂಬಗಳಾದುದನ್ನು ಅಲ್ಲಿ ಕಾಣಬಹುದು. ಬಹುಪಾಲು ಆರು ಮುಖದ ಕಂಬಗಳು. “ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗಿದೆ, ಮಾವ” ಎಂದ ಹುಡುಗ. ನಾವು ಹತ್ತು ವಾಕ್ಯಗಳಲ್ಲಿ ವಿವರಿಸಬೇಕೆಂದಿದ್ದುದು ಅವನ ಒಂದೇ ಮಾತಿನಲ್ಲಿ ಮುಗಿಯಿತು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದನೆಂದೂ ದ್ವೀಪದ ಹೆಸರು ಅವನಿಂದಲೇ ಬಂದಿತೆಂದೂ ಪ್ರತೀತಿ.

ಸಂಜೆ ಗಾಡಿ ಹಿಡಿದು ಕುಮಟಾದಲ್ಲಿ ತಂಗಿದೆವು. ಗೋಕರ್ಣದ ಕಡಲತೀರಕ್ಕಿಂತ ಇಲ್ಲಿಯ ಬಾಡಿಗೆ ನಮ್ಮ ಲಕೋಟೆಗೆ ಹೊಂದುವಂತಹುದು. ಮರುದಿನ ಬೆಳಿಗ್ಗೆ ಹತ್ತು ಕಿಲೋಮೀಟರಿನಷ್ಟು ದೂರದ ಮಿರ್ಜಾನ ಕೋಟೆ. ಅಘನಾಶಿನಿ ನದಿಯ ಬಳಿಯ ಈ ಕೋಟೆ ಹದಿನಾರನೆಯ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಸೇರಿದೆ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದು ಕರೆದರು. ಆ ರಾಜ್ಯ ಮುಂದೆ ಕೆಳದಿಯವರ ಪಾಲಾಯಿತು. ಹಸುರು ಪಾಚಿ ಹತ್ತಿದ ಬುರುಜುಗಳು, ಸುತ್ತಲೂ ಕಂದಕ, ಒಳಗೆ ಆಳವಾದ ಬಾವಿಗಳು. ಇಲ್ಲಿ ನಮ್ಮಿಂದ ಪ್ರವೇಶ ಶುಲ್ಕವನ್ನು ಯಾರೂ ಕೇಳಲಿಲ್ಲ. ತಾಯಿಯವರು ಗೋಡೆಯನ್ನು ಮುಟ್ಟಿ ನೋಡಿ, “ಬೇಕಲದ ಕಲ್ಲೇ ಅಲ್ಲವೇ?” ಎಂದು ಕೇಳಿದರು. ಅಲ್ಲಿಯೂ ಮುರಕಲ್ಲು, ಇಲ್ಲಿಯೂ ಮುರಕಲ್ಲು. ನಡುವೆ ಒಂದೇ ಕಡಲು, ಒಂದೇ ಮೆಣಸಿನ ವ್ಯಾಪಾರ. ಮೂರು ದಿನದ ಪ್ರಯಾಣದಲ್ಲಿ ಮಕ್ಕಳಿಗೆ ತಿಳಿಯಲೆಂದು ನಾವು ಬಯಸಿದ್ದು ಈ ಒಂದು ಸಂಗತಿಯನ್ನೇ.

ಮಧ್ಯಾಹ್ನ ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನವಾದ ಮೇಲೆ ಕಡಲಿಗೆ ಇಳಿದೆವು. ಇಲ್ಲಿ ಒಂದು ಮಾತನ್ನು ಉಪಾಧ್ಯಾಯರಾಗಿ ಹೇಳಲೇಬೇಕು. 2024ರ ಡಿಸೆಂಬರಿನಲ್ಲಿ ಇದೇ ಕರಾವಳಿಯ ಮುರ್ಡೇಶ್ವರದಲ್ಲಿ, ಶಾಲಾ ಪ್ರವಾಸಕ್ಕೆಂದು ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಬಯಲುಸೀಮೆಯ ಮಕ್ಕಳಿಗೆ ಕಡಲು ಹೊಸದು ಎಂದು ನಾವು ಸಮಾಧಾನ ಹೇಳಿಕೊಳ್ಳುವಂತಿಲ್ಲ. ಕರಾವಳಿಯ ಒಳನಾಡಿನ ನಮ್ಮ ಮಕ್ಕಳಿಗೂ ಅದರ ಪರಿಚಯ ಅಷ್ಟಕ್ಕಷ್ಟೆ. ಅಲೆ ಒಡೆಯದೆ ಸಮತಟ್ಟಾಗಿ ಕಾಣುವ ಜಾಗದಲ್ಲಿಯೇ ನೀರು ಒಳಕ್ಕೆ ಎಳೆಯುವುದುಂಟು. ಸೆಳೆತಕ್ಕೆ ಸಿಕ್ಕಿದವರು ಎದುರಾಗಿ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತದಿಂದ ತಪ್ಪಿಸಿಕೊಂಡು ದಡದತ್ತ ತಿರುಗಬೇಕು. ಈಜು ಬಾರದವರಿಗೆ ಮೊಣಕಾಲಿನ ನೀರೇ ಎಲ್ಲೆ. ಒಬ್ಬ ಹಿರಿಯರು ನೀರಿಗಿಳಿಯದೆ ಮಕ್ಕಳ ಮೇಲೆಯೇ ಕಣ್ಣಿಟ್ಟಿರತಕ್ಕದ್ದು. ಕಾವಲುಗಾರರು ಬೇಡವೆಂದ ಕಡೆ ಇಳಿಯಲೇಬಾರದು. ಈ ಶಿಸ್ತಿಗೆ ಕಾಸು ಖರ್ಚಿಲ್ಲ.

ಸಂಜೆಯ ಗಾಡಿಯಲ್ಲಿ ಹಿಂತಿರುಗಿ, ಮಂಗಳೂರಿನಲ್ಲಿ ಇನ್ನೊಂದು ಗಾಡಿ ಹಿಡಿದು ಊರು ಸೇರಿದೆವು. ಮಗಳು ಲೆಕ್ಕ ಕೂಡಿಸಿದಾಗ ಒಟ್ಟು 9,460 ರೂಪಾಯಿ. ಊಟದ ಬಾಬಿನಲ್ಲಿ 210 ಹೆಚ್ಚಾಗಿ, ಅದನ್ನು ಆಪತ್ತಿನ ಲಕೋಟೆಯಿಂದ ತುಂಬಿಸಿಕೊಂಡಿದ್ದೆವು. ಕಾರಣ ಬರೆದು ರುಜುವನ್ನೂ ಹಾಕಿದ್ದೆವು. ಉಳಿದ 540 ರೂಪಾಯಿ ಮುಂದಿನ ವರ್ಷದ ಡಬ್ಬಿಗೆ ಬಿತ್ತು.

ಜನವರಿಯ ಹೆತ್ತವರ ಸಭೆಯಲ್ಲಿ ಆ ಪುಸ್ತಕವನ್ನು ಓದಿ ಹೇಳಿದೆವು. ದೊಡ್ಡ ಮೊತ್ತವನ್ನು ಕೇಳಿ ಕೆಲವರು ನಕ್ಕರು. ಬೇಕಲದ ಒಂದು ದಿನದ ಲೆಕ್ಕವನ್ನು ಕೇಳಿದಾಗ ಮಾತ್ರ, ಬೀಡಿ ಕಟ್ಟುವ ತಾಯಿಯೊಬ್ಬರು ಅದನ್ನು ಚೀಟಿಯಲ್ಲಿ ಬರೆದುಕೊಡಿರೆಂದು ಕೇಳಿದರು. ಫೆಬ್ರವರಿಯ ಒಂದು ಭಾನುವಾರ ಮೂರು ಮನೆಗಳವರು ಒಟ್ಟಾಗಿ ಬುತ್ತಿ ಕಟ್ಟಿಕೊಂಡು ಹೋಗಿಬಂದರು. ವಾಚಕರೂ ಹತ್ತಿರದ ಒಂದು ಊರಿನಿಂದ ಆರಂಭಿಸಲಿ; ಡಬ್ಬಿ ತುಂಬಿದಂತೆ ವರ್ಷಕ್ಕೊಂದು ನಿಲ್ದಾಣದಷ್ಟು ಮುಂದೆ ಹೋಗಲಿ. ಲೆಕ್ಕದ ಪುಸ್ತಕ ಮಾತ್ರ ಮಕ್ಕಳ ಕೈಯಲ್ಲಿರಲಿ.