ಕಾಫಿ ಹನಿಯ ಅಂಚು

ಮೇ ತಿಂಗಳು ಬಂತೆಂದರೆ ಮುಂಬಯಿಯ ಕನ್ನಡ ವಿದ್ಯಾರ್ಥಿಗೆ ಸಾಮಾನ್ಯವಾಗಿ ಮೂರು ದಾರಿ: ಊರಿನ ರೈಲು, ನೆಂಟರ ಮದುವೆ, ಇಲ್ಲವೆ ಹೋಟೆಲಿನ ಗಲ್ಲಾ. ನಾಲ್ಕನೆಯದೂ ಒಂದಿದೆ, ಬೇಸಿಗೆಯ ಸಂಶೋಧನೆ. ಅದರ ಸುದ್ದಿ ನಮ್ಮ ಮನೆಗಳಿಗೆ ತಲುಪುವುದು ಕಡಿಮೆ. ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿ ನಾನು ಆ ದಾರಿ ಹಿಡಿದೆ. ಕಿರಿಯ ಮಿತ್ರರಿಗೆ ಉಪಯೋಗವಾದೀತೆಂದು ಇಷ್ಟು ಬರೆಯುತ್ತಿದ್ದೇನೆ.

ಸಂಶೋಧನೆಯೆಂದರೆ ಎಂ.ಎಸ್‌ಸಿ. ಮುಗಿಸಿದವರ ಕೆಲಸ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ. ನಮ್ಮ ಮಾನಖುರ್ದಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 2004ರಲ್ಲಿ ಪದವಿ ವಿದ್ಯಾರ್ಥಿಗಳಿಗೆಂದೇ ಒಂದು ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿ, ಮೊದಲ ವರ್ಷ ಮುಗಿಸಿದವರಿಗೂ ಬಾಗಿಲು ತೆರೆಯಿತು. ಬೆಂಗಳೂರು, ದೆಹಲಿ, ಪ್ರಯಾಗರಾಜಗಳ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಕೊಡುತ್ತ ಬಂದಿವೆ. ಇವುಗಳಲ್ಲಿ ಬೆಂಗಳೂರಿನದು ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಸಂಸ್ಥೆ. ನಾನು ಅರ್ಜಿ ಹಾಕಿದ್ದು ಈ ಫೆಲೋಶಿಪ್ಪಿಗೆ. ಕೇಳಿದ್ದು ಅಂಕಗಳ ವಿವರ, ಅಧ್ಯಾಪಕರ ಶಿಫಾರಸು, ಮತ್ತು ಏನು ಮಾಡಬಯಸುತ್ತೀ ಎಂಬ ಬಗ್ಗೆ ಒಂದು ಪುಟ್ಟ ಬರಹ.

ಆ ಪುಟ್ಟ ಬರಹವೇ ದೊಡ್ಡ ಗುಡ್ಡ. ‘ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ’ ಎಂದು ಬರೆಯುವವರು ಸಾವಿರ ಜನ. ನಮ್ಮ ಫಿಸಿಕ್ಸ್ ಮೇಡಂ ಕೇಳಿದ್ದೇ ಬೇರೆ: ನಿನಗೆ ಗೊತ್ತಿಲ್ಲದ, ಆದರೆ ನಿಜವಾಗಿ ತಲೆ ತಿಂದ ಒಂದು ಸಣ್ಣ ಸಂಗತಿ ಯಾವುದು?

ನನ್ನ ಬಳಿ ಒಂದಿತ್ತು. ಅಪ್ಪನ ಹೋಟೆಲಿನಲ್ಲಿ ಶಾಲಾ ದಿನಗಳಿಂದಲೂ ಟೇಬಲ್ ಒರೆಸಿದವನು ನಾನು. ಚೆಲ್ಲಿದ ಕಾಫಿ ಹನಿ ಒಣಗಿದಾಗ ನಡುವೆ ತೆಳು, ಅಂಚು ಮಾತ್ರ ಕಪ್ಪು. ಬಣ್ಣವನ್ನೆಲ್ಲ ಅಂಚಿಗೆ ದೂಡಿದವರು ಯಾರು? ಇಂಗ್ಲಿಷಿನಲ್ಲಿ ಕೊಡಬೇಕಾದ ಬರಹವನ್ನು ಮೊದಲು ಕನ್ನಡದಲ್ಲಿ ಬರೆದೆ. ಕನ್ನಡದಲ್ಲಿ ನನಗೆ ದೊಡ್ಡ ದೊಡ್ಡ ಪದಗಳು ಬರಲಿಲ್ಲ, ಪ್ರಶ್ನೆ ಮಾತ್ರ ಬಂತು. ಅದೇ ಒಳ್ಳೆಯದಾಯಿತು.

ಲೈಬ್ರರಿಯಲ್ಲಿ ಹುಡುಕಿದರೆ, ಚಿಕಾಗೋದ ಡೀಗನ್ ಮತ್ತು ಸಂಗಡಿಗರು 1997ರಲ್ಲೇ ಇದಕ್ಕೆ ಉತ್ತರ ಹೇಳಿಬಿಟ್ಟಿದ್ದರು! ಹನಿಯ ಅಂಚು ನೆಲಕ್ಕೆ ಅಂಟಿಕೊಳ್ಳುತ್ತದೆ. ಅಂಚಿನಲ್ಲಿ ನೀರು ಬೇಗ ಆರುತ್ತದೆ. ಆ ನಷ್ಟ ತುಂಬಲು ನಡುವಿನ ನೀರು ಹರಿದು ಬರುವಾಗ ಕಾಫಿಯ ಕಣಗಳನ್ನೂ ಹೊತ್ತು ತರುತ್ತದೆ. 2011ರಲ್ಲಿ ಇನ್ನೊಂದು ತಂಡ, ಕಣಗಳು ಉದ್ದುದ್ದವಾಗಿದ್ದರೆ ಈ ಉಂಗುರ ಮೂಡುವುದಿಲ್ಲವೆಂದು ತೋರಿಸಿತು. ನನಗೆ ಉಳಿದದ್ದೇನು? ಮಳೆಗಾಲದ ಮುಂಬಯಿಯ ಒದ್ದೆ ಗಾಳಿಯಲ್ಲಿ ಉಂಗುರ ಬೇರೆ ಥರ ಇರುತ್ತದೆಯೇ? ಅಷ್ಟನ್ನೇ ಬರೆದು ಕಳಿಸಿದೆ. ಆಯ್ಕೆಯಾಯಿತು.

ನಿಜವಾದ ಪರೀಕ್ಷೆ ಮನೆಯಲ್ಲಿತ್ತು. ಮೇ ತಿಂಗಳಲ್ಲಿ ಕೆಲಸದ ಹುಡುಗರು ಅರ್ಧಕ್ಕರ್ಧ ಊರಿಗೆ ಹೋಗುತ್ತಾರೆ.

“ರಜೆಯಲ್ಲೂ ಶಾಲೆಯಾ? ಗಲ್ಲಾದಲ್ಲಿ ಕೂರುವುದು ಯಾರು ಮಾರಾಯ?”

“ಕಾಫಿ ಕಲೆ ನೋಡ್ಲಿಕ್ಕೆ ಬೆಂಗಳೂರಿಗೆ ಕರೆದಿದ್ದಾರೆ, ಅಪ್ಪ.”

“ಕಲೆ ಒರೆಸ್ಲಿಕ್ಕೆ ನಾನು ಸಂಬಳ ಕೊಡ್ತೇನೆ. ನೋಡ್ಲಿಕ್ಕೆ ಯಾರು ಕೊಡ್ತಾರೆ?”

ಕೊಡುತ್ತಾರೆ ಎಂದೆ. ಎರಡು ದಿನ ಅಪ್ಪ ಮಾತಾಡಲಿಲ್ಲ. ಮೂರನೆಯ ದಿನ ಊರಿಗೆ ಫೋನು ಮಾಡಿ, ಪಿ.ಯು. ಪರೀಕ್ಷೆ ಮುಗಿಸಿ ಕೂತಿದ್ದ ಅತ್ತೆಯ ಮಗನನ್ನು ಕರೆಸಿದರು. ನನ್ನ ಬೇಸಿಗೆಯ ಬೆಲೆ ತೆತ್ತವನು ಅವನು. ಅರ್ಜಿಯಲ್ಲಿ ಅವನ ಹೆಸರಿಗೆ ಜಾಗವಿರಲಿಲ್ಲ.

ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಒಂದೇ ಗಾತ್ರದ ಹನಿ ಹಾಕಲು ಕಲಿಯುವುದಕ್ಕೇ ಎರಡು ವಾರ ಹಿಡಿಯಿತು. ಆಮೇಲೆ ದಿನವೂ ಗಾಜಿನ ಪಟ್ಟಿ, ಹನಿ, ಸೂಕ್ಷ್ಮದರ್ಶಕ, ಲೆಕ್ಕ. ಒದ್ದೆ ಗಾಳಿಯಲ್ಲಿ ಹನಿ ತಡವಾಗಿ ಒಣಗುತ್ತಿತ್ತು, ಅದು ಸ್ಪಷ್ಟ. ಉಂಗುರದ ಅಗಲ ಬದಲಾಯಿತು ಎನ್ನುವಷ್ಟು ಆಧಾರ ಸಿಗಲಿಲ್ಲ. ವರದಿಯಲ್ಲಿ ಹಾಗೆಂದೇ ಬರೆದೆ. ಮಾರ್ಗದರ್ಶಕರು ಓದಿ, ಏನೂ ತಿದ್ದದೆ ಸಹಿ ಹಾಕಿದರು. ಕ್ಲಾಸಿನ ಪ್ರಾಕ್ಟಿಕಲ್‌ನಲ್ಲಿ ಪುಸ್ತಕದ ಉತ್ತರಕ್ಕೆ ಹತ್ತಿರ ಬಂದರೆ ಮಾರ್ಕು. ಇಲ್ಲಿ ‘ಗೊತ್ತಾಗಲಿಲ್ಲ’ ಎಂಬ ಮಾತಿಗೂ ಮರ್ಯಾದೆ ಇತ್ತು.

ವಾಪಸು ಬಂದಾಗ ಅತ್ತೆಯ ಮಗ ಕೇಳಿದ, “ಅಷ್ಟು ದೂರ ಹೋಗಿ ಕಡೆಗೆ ಎಂತ ಸಿಕ್ಕಿತು ಭಾವ?” ಟೇಬಲಿನ ಮೇಲೇ ಹನಿ ಹಾಕಿ ತೋರಿಸಿದೆ. ಒಣಗುವವರೆಗೂ ಅವನು ಏಳಲಿಲ್ಲ.

ಮಿತ್ರರೇ, ನಿಮ್ಮ ಮಾರ್ಕಿಗೆ ಹೆದರಬೇಡಿ, ನಿಮ್ಮದೇ ಒಂದು ಪ್ರಶ್ನೆ ಹುಡುಕಿಕೊಳ್ಳಿ. ಅತ್ತೆಯ ಮಗ ಈಗ ಊರಿನ ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಎಸ್‌ಸಿ. ಅವನ ಬಳಿಯೂ ಒಂದು ಪ್ರಶ್ನೆ ಇದೆಯಂತೆ. ಅವನಿಗೆ ಕರೆ ಬಂದರೆ ಬರುವ ಮೇ ತಿಂಗಳು ಗಲ್ಲಾದಲ್ಲಿ ನಾನು ಕೂರುವುದೆಂದು ಅಪ್ಪನೆದುರೇ ಮಾತಾಗಿದೆ.