ಎರಡನೆಯ ವೈರು

ಮಗಳು ಸಿಇಟಿಗೆ ಕಾಲೇಜುಗಳ ಆಯ್ಕೆ ದಾಖಲಿಸಲು ಅಂದೇ ಕೊನೆಯ ದಿನ. ಸಂಜೆ ನಾನು ಹಾಲು ತಂದು ಮನೆಗೆ ಬರುವಷ್ಟರಲ್ಲಿ ಇಂಟರ್‌ನೆಟ್ ಸತ್ತು ಬಿದ್ದಿತ್ತು. ನಮ್ಮ ಬೀದಿಯಲ್ಲಿ ಮೊಬೈಲ್ ಸಿಗ್ನಲ್ಲೂ ಅಷ್ಟಕ್ಕಷ್ಟೆ. "ಏನೇನೋ ಒತ್ತಿರುತ್ತೀಯ!" ಎಂದು ಅವಳ ಮೇಲೆ ರೇಗಿದೆ.

ಮಹಡಿಯಲ್ಲಿ ಎರಡು ಕಂಪ್ಯೂಟರ್, ಒಂದು ಪ್ರಿಂಟರ್. ಕೆಳಗಿನ ರೂಟರಿನಲ್ಲಿ ಖಾಲಿ ಇದ್ದದ್ದು ಎರಡೇ ಪೋರ್ಟು. ಅದಕ್ಕೇ ಐದು ಪೋರ್ಟಿನ ಸ್ವಿಚ್ ತಂದಿದ್ದೆ. ಹೆಸರು ಸ್ವಿಚ್ ಆದರೂ ಇದು ದೀಪದ ಗುಂಡಿಯಲ್ಲ. ಯಾವ ಯಂತ್ರ ಯಾವ ಪೋರ್ಟಿನಾಚೆ ಇದೆಯೆಂದು ನೆನಪಿಟ್ಟು ಸಂದೇಶ ಮುಟ್ಟಿಸುವ ಅಂಚೆಯಣ್ಣ. ರೂಟರಿನಿಂದ ಸ್ವಿಚ್ಚಿಗೆ ಒಂದು ವೈರು ಸಾಕು. ಇಂಥ ತಾಮ್ರದ ವೈರು 100 ಮೀಟರ್‌ವರೆಗೆ ನಡೆಯುತ್ತದೆ, ನಮ್ಮದು ಹದಿನೈದೂ ಇಲ್ಲ. ಎಲೆಕ್ಟ್ರಿಷಿಯನ್ 'ಮುಂದಕ್ಕೆ ಬೇಕಾದೀತು' ಎಂದು ಪೈಪಿನಲ್ಲಿ ಎರಡು ಎಳೆದಿದ್ದ.

ಅಂದು ಮಧ್ಯಾಹ್ನದಿಂದ ವೆಬ್‌ಸೈಟ್ ನಿಧಾನ. ಎರಡು ನಲ್ಲಿ ಬಿಟ್ಟರೆ ಬಕೆಟ್ಟು ಬೇಗ ತುಂಬುತ್ತದಲ್ಲ? ಬಿಎಸ್ಸಿ ಓದಿದ ತಲೆ! ಆ ಎರಡನೆಯ ವೈರನ್ನೂ ಎರಡೂ ಕಡೆ ಸಿಕ್ಕಿಸಿ ಹಾಲಿಗೆ ಹೊರಟಿದ್ದೆ.

ಮಗಳು ಎದುರು ಮಾತಾಡಲಿಲ್ಲ. ಸ್ವಿಚ್ಚಿನ ದೀಪಗಳೆಲ್ಲ ಹುಚ್ಚು ಹಿಡಿದಂತೆ ಒಟ್ಟಿಗೇ ಮಿನುಗುವುದನ್ನು ನೋಡಿ, "ಅಪ್ಪಾ, ಈ ಎರಡನೇ ವೈರು ಯಾವಾಗ ಹಾಕಿದ್ದು?" ಎಂದಳು. ಕಿತ್ತಳು. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು.

ಆದದ್ದು ಇಷ್ಟು. 'ಈ ವಿಳಾಸ ಯಾರದು?' ಎಂಬಂಥ ಕೆಲವು ಸಂದೇಶಗಳನ್ನು ಸ್ವಿಚ್ ಎಲ್ಲ ಪೋರ್ಟುಗಳಿಗೂ ಹಂಚಬೇಕು. ದಾರಿ ಎರಡಿದ್ದರೆ ಅದು ಒಂದರಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿದು ಸುತ್ತುತ್ತಲೇ ಇರುತ್ತದೆ. ಇಂತಿಷ್ಟು ಸುತ್ತಾದ ಮೇಲೆ ಸಾಯಬೇಕೆಂಬ ಲೆಕ್ಕ ಈಥರ್ನೆಟ್ ಸಂದೇಶಕ್ಕಿಲ್ಲ. ಹೊಸ ಸಂದೇಶಗಳೂ ಸೇರುತ್ತ ವೈರು ತುಂಬಿಹೋಗುತ್ತದೆ. ಶಾಲಾ ವಾರ್ಷಿಕೋತ್ಸವದಲ್ಲಿ ಮೈಕನ್ನು ಸ್ಪೀಕರಿನ ಎದುರು ಹಿಡಿದಾಗ ಕೊಂಯ್ ಎಂದು ಊಳಿಡುವುದಿಲ್ಲವೇ, ಹೆಚ್ಚುಕಡಿಮೆ ಹಾಗೆ.

ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ 1985ರಲ್ಲೇ ಇದಕ್ಕೆ ಉಪಾಯ ಕಂಡುಹಿಡಿದರು: ಯಂತ್ರಗಳೇ ಪರಸ್ಪರ ವಿಚಾರಿಸಿಕೊಂಡು ಹೆಚ್ಚುವರಿ ದಾರಿಯನ್ನು ಮುಚ್ಚುತ್ತವೆ. ಸ್ಪ್ಯಾನಿಂಗ್ ಟ್ರೀ ಎಂದು ಹೆಸರು. ಮನೆಬಳಕೆಯ ಅಗ್ಗದ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ. ಎರಡು ವೈರು ಜೋಡಿಸಿ ವೇಗ ಹೆಚ್ಚಿಸುವ ವಿಧಾನವೂ ಇದೆ, ಆದರೆ ಅದನ್ನು ಎರಡೂ ಬದಿಯ ಯಂತ್ರಗಳು ಬಲ್ಲವಾಗಿರಬೇಕು.

ಎಂಟೂವರೆಗೆ ಆಯ್ಕೆಗಳೆಲ್ಲ ದಾಖಲಾದವು. ಊಟಕ್ಕೆ ಕೂತಾಗ "ತಪ್ಪಾಯ್ತಮ್ಮ" ಎಂದೆ. ನಕ್ಕು ಸಾರು ಬಡಿಸಿದಳು. ಎರಡನೆಯ ವೈರು ಗೋಡೆಯಲ್ಲಿ ಈಗಲೂ ಇದೆ. ಎರಡು ತುದಿಗೂ ಅವಳೇ ಟೇಪು ಸುತ್ತಿದ್ದಾಳೆ.