ಗುಜರಿ ಕಬ್ಬಿಣದ ಮೇಳ

ಸೋಮನೂರು, ಪಲ್ಲಡಂ ಕಡೆಯ ನಮ್ಮವರು ಹೊರಗಿನ ನೆಂಟರ ಮನೆಗೆ ಹೋದಾಗ ಒಂದು ದೂರು ತಪ್ಪದೆ ಕೇಳಿಬರುತ್ತದೆ: “ನೀವೇಕೆ ಜಗಳವಾಡುವವರಂತೆ ಮಾತನಾಡುತ್ತೀರಿ?” ಜಗಳವೇನೂ ಅಲ್ಲ. ವಿದ್ಯುತ್ ಮಗ್ಗದ ಮಗ್ಗುಲಲ್ಲಿ ಹುಟ್ಟಿ ಬೆಳೆದವರ ಕಂಠವೇ ಹಾಗೆ. ಮುಂಗೋಣೆಯಲ್ಲಿ ನಾಲ್ಕು ಮಗ್ಗಗಳು ಓಡುತ್ತಿರುವಾಗ ತಾಯಿ ಮಗುವನ್ನು ಊಟಕ್ಕೆ ಕರೆಯಬೇಕಾದರೆ ಕೂಗಿಯೇ ಕರೆಯಬೇಕು. ಇಲ್ಲವೇ ಬರಿಯ ತುಟಿಯ ಚಲನೆಯಿಂದ ತಿಳಿಸಬೇಕು. ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಯ ಹತ್ತಿಗಿರಣಿಗಳಲ್ಲಿಯೂ ನೇಯುವ ಹೆಂಗಸರು ತುಟಿ ನೋಡಿಯೇ ಸಂಭಾಷಿಸುತ್ತಿದ್ದರು. ನಮ್ಮ ಶಾಲೆಯ ಹಿಂಬೆಂಚಿನ ಮಕ್ಕಳು ಸದ್ದಿಲ್ಲದೆ ಹರಟುವ ವಿದ್ಯೆಯಲ್ಲಿ ಅಷ್ಟೊಂದು ಪ್ರವೀಣರಾಗಿರುವುದೇಕೆಂದು ನಮಗೆ ಹೊಳೆದದ್ದು ಆ ಸಂಗತಿಯನ್ನು ಓದಿದ ಮೇಲೆ.

ಶಿಕ್ಷಕರ ತರಬೇತಿಯಲ್ಲಿ ನಾವು ಕಲಿತದ್ದು ಇಷ್ಟು: ಶ್ರುತಿ ಲಯಗಳುಳ್ಳದ್ದು ಸಂಗೀತ, ಉಳಿದುದೆಲ್ಲ ಗದ್ದಲ, ಗದ್ದಲವು ತರಗತಿಯ ಶತ್ರು. ಈ ಪಾಠವನ್ನು ಬಹುಕಾಲ ನಂಬಿಕೊಂಡು ಬಂದೆವು. ಕೆಲವು ವರ್ಷಗಳ ಹಿಂದೆ, ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, ತನ್ನ ಫೋನನ್ನು ನಮ್ಮ ಮುಂದಿಟ್ಟು, “ಸಾರ್, ಇದು ಯಾವ ಊರಿನ ಮಗ್ಗ ಹೇಳಿ” ಎಂದನು. ಕಿವಿಗೊಟ್ಟೆವು. ತಗಡಿನ ಬಡಿತ, ಸರಪಣಿಯ ಎಳೆತ, ಪೀಪಾಯಿಯ ಗುದ್ದು. ಸೋಮನೂರಿನದಿರಬಹುದು ಎಂದೆವು. ಅವನು ನಕ್ಕನು. ಅದು ಮಗ್ಗವಲ್ಲ, ಲಂಡನ್ನಿನ ಒಂದು ವಾದ್ಯಮೇಳ.

ಮೇಳದ ಹೆಸರು ಟೆಸ್ಟ್ ಡಿಪಾರ್ಟ್‌ಮೆಂಟ್. ಕೇಳಿದರೆ ಪರೀಕ್ಷಾ ಮಂಡಳಿಯ ಕಛೇರಿಯೆಂಬ ಭಾವನೆ ಬರುತ್ತದೆ. ನಮ್ಮ ವೃತ್ತಿಯವರಿಗೆ ಅದೇನೂ ಹಿತವಾದ ನೆನಪಲ್ಲ. 1981ರಲ್ಲಿ ಲಂಡನ್ನಿನ ದಕ್ಷಿಣಕ್ಕಿರುವ ನ್ಯೂ ಕ್ರಾಸ್ ಎಂಬ ಬಡಾವಣೆಯಲ್ಲಿ ಗ್ರಹಾಮ್ ಕನಿಂಗ್ಟನ್, ಪಾಲ್ ಜಾಮ್‌ರೋಜಿ, ಅಂಗಸ್ ಫಾರ್ಕರ್ ಮೊದಲಾದ ತರುಣರು ಇದನ್ನು ಕಟ್ಟಿದರು. ಥೇಮ್ಸ್ ನದಿಯ ಹಡಗುಕಟ್ಟೆಗಳು ಮುಚ್ಚುತ್ತಿದ್ದ ಕಾಲವದು. ಗಿಟಾರು ಕೊಳ್ಳುವುದಕ್ಕೆ ಹೋಗದೆ, ಸುತ್ತಮುತ್ತ ಬಿದ್ದಿದ್ದ ಗುಜರಿಯನ್ನೇ ಆಯ್ದು ತಂದರು: ಲಾರಿಯ ಸ್ಪ್ರಿಂಗು, ಅನಿಲದ ಸಿಲಿಂಡರು, ಎಣ್ಣೆಯ ಪೀಪಾಯಿ, ಉಕ್ಕಿನ ಹಾಳೆ. ಇಂತಹ ಸಂಗೀತಕ್ಕೆ ‘ಇಂಡಸ್ಟ್ರಿಯಲ್’ ಎಂಬ ಹೆಸರನ್ನು ಅಲ್ಲಿಯ ಬೇರೊಂದು ಮೇಳದವರು 1976ರಲ್ಲಿಯೇ ತಂದಿದ್ದರು. ಆದರೆ ಅವರ ಕಾರ್ಯಕ್ರಮಗಳ ವಿಷಯವು ಕುಟುಂಬದವರೆಲ್ಲ ಓದುವ ಈ ಪುಟಗಳಿಗೆ ತಕ್ಕುದಲ್ಲವಾದುದರಿಂದ ಅದನ್ನು ಇಲ್ಲಿಗೇ ಬಿಡುತ್ತೇವೆ.

ಟೆಸ್ಟ್ ಡಿಪಾರ್ಟ್‌ಮೆಂಟಿನವರ ಮೊದಮೊದಲ ಧ್ವನಿಮುದ್ರಿಕೆಗಳನ್ನು ಪೂರ್ತಿಯಾಗಿ ಕೇಳುವುದು ನಮ್ಮಿಂದಾಗಲಿಲ್ಲ. ಅದನ್ನು ಸಂಗೀತವೆಂದು ಕರೆಯಲು ಈಗಲೂ ನಮಗೆ ಪೂರ್ಣ ಮನಸ್ಸಿಲ್ಲ. ನಮ್ಮನ್ನು ಹಿಡಿದು ನಿಲ್ಲಿಸಿದುದು 1985ರ ಒಂದು ತಟ್ಟೆ. 1984ರ ಮಾರ್ಚಿಯಲ್ಲಿ ಬ್ರಿಟನ್ನಿನ ಕಲ್ಲಿದ್ದಲ ಗಣಿಗಾರರು, 20 ಗಣಿಗಳನ್ನು ಮುಚ್ಚುವ ಸರಕಾರದ ಯೋಜನೆಯನ್ನು ವಿರೋಧಿಸಿ ಮುಷ್ಕರ ಹೂಡಿದರು. ಅದು ಒಂದು ವರ್ಷ ನಡೆದು ಸೋತಿತು. ಆ ದಿನಗಳಲ್ಲಿ ಈ ಹುಡುಗರು ದಕ್ಷಿಣ ವೇಲ್ಸಿನ ಮುಷ್ಕರನಿರತ ಗಣಿಗಾರರ ಗಾಯಕವೃಂದದೊಡನೆ ಸೇರಿ ಊರೂರು ತಿರುಗಿ, ಗಣಿಗಾರರ ನಿಧಿಗೆ ಹಣ ಕೂಡಿಸಿದರು. ಒಂದೇ ತಟ್ಟೆಯಲ್ಲಿ ಒಂದು ಕಡೆ ಹಳೆಯ ಸಂಪ್ರದಾಯದ ಗಂಡುಕಂಠಗಳ ಮೇಳಗಾನ, ಇನ್ನೊಂದು ಕಡೆ ಕಬ್ಬಿಣದ ಬಡಿತ. ದುಡಿಮೆಯನ್ನು ಕಳೆದುಕೊಳ್ಳಲಿರುವವರ ಹಾಡಿನ ಪಕ್ಕದಲ್ಲಿ ದುಡಿಮೆಯ ಸದ್ದೇ ಬಂದು ಕುಳಿತಂತಿತ್ತು. ಅದನ್ನು ಕೇಳುವಾಗ ತಗಡಿನ ಸದ್ದು ಗದ್ದಲವೆನಿಸಲಿಲ್ಲ.

ಇದಕ್ಕೆ ಕಾರಣವಿತ್ತು. ಒಪ್ಪಿಕೊಂಡಿದ್ದ ಕೂಲಿಯ ಏರಿಕೆ ಕೈಗೆ ಬರಲಿಲ್ಲವೆಂದು 2022ರ ಜನವರಿಯಲ್ಲಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕೂಲಿಮಗ್ಗದವರು ಮಗ್ಗಗಳನ್ನು ನಿಲ್ಲಿಸಿದರು. ಒಂದು ತಿಂಗಳಿಗೂ ಮೀರಿ ಊರಿಗೆ ಊರೇ ಸದ್ದಡಗಿತು. ಮೊದಲ ಎರಡು ದಿನ ನಮಗೆ ಸುಖವೆನಿಸಿತು. ಬಾಗಿಲು ತೆರೆದೇ ಪಾಠ ಮಾಡಬಹುದಾಗಿತ್ತು. ಮೂರನೆಯ ದಿನ ಹಕ್ಕಿಗಳ ದನಿ ಕೇಳಿ ಮಕ್ಕಳು ಕಿಟಕಿಯತ್ತ ತಿರುಗಿದರು. ಆಮೇಲೆ ಆ ಮೌನವು ಭಾರವಾಗತೊಡಗಿತು. ಅಂಗಡಿಯ ಸಾಲದ ಪುಸ್ತಕ ದಪ್ಪವಾಯಿತು. ಹಿರಿಯರೊಬ್ಬರು ಸದ್ದಿಲ್ಲದೆ ತಮಗೆ ನಿದ್ರೆ ಬಾರದೆಂದು ಹೇಳಿ ರಾತ್ರಿ ರಸ್ತೆಯಲ್ಲಿ ಅಡ್ಡಾಡುತ್ತಿದ್ದರು. ತರಗತಿಯಲ್ಲಿ ಮಕ್ಕಳು ಮಾತ್ರ, ಇಲ್ಲದ ಮಗ್ಗವನ್ನು ಮೀರಿಸಬೇಕೆಂಬಂತೆ, ಮೊದಲಿನ ಹಾಗೆಯೇ ಕೂಗಿ ಉತ್ತರ ಹೇಳುತ್ತಿದ್ದರು.

ಮಗ್ಗದ ಸದ್ದನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಕಾರ್ಖಾನೆಯ ನಿಯಮದಂತೆ ದಿನಕ್ಕೆ 8 ಗಂಟೆ 90 ಡೆಸಿಬೆಲ್ ಮೀರಿದ ಸದ್ದಿನಲ್ಲಿ ಮನುಷ್ಯನನ್ನು ಇರಿಸಕೂಡದು. ಲಾಳಿಯ ಮಗ್ಗ ಅದನ್ನು ಸುಲಭವಾಗಿ ಮೀರುತ್ತದೆ; ಮನೆಯೊಳಗಣ ಮಗ್ಗಕ್ಕಂತೂ ಆ ನಿಯಮದ ಕೈ ನಿಲುಕುವುದಿಲ್ಲ. ನಲವತ್ತಕ್ಕೇ ಕಿವಿ ಮಂದವಾದ ತಂದೆತಾಯಿಗಳನ್ನು ಶಾಲೆಗೆ ಕರೆಸಿ, ಮಕ್ಕಳ ಅಂಕಗಳನ್ನು ಕಾಗದದಲ್ಲಿ ಬರೆದು ತೋರಿಸಿದ್ದೇವೆ. ಅನ್ನವನ್ನೂ ಕೊಟ್ಟು ಕಿವಿಯನ್ನೂ ತೆಗೆದುಕೊಳ್ಳುವ ಸದ್ದು ಅದು.

ಮುಷ್ಕರ ಮುಗಿದ ಮೇಲೆ ಏಳನೆಯ ತರಗತಿಯಲ್ಲಿ, ಅವರವರ ಮನೆಯ ಮಗ್ಗದ ಲಯವನ್ನು ಬೆಂಚಿನ ಮೇಲೆ ತಟ್ಟಿ ತೋರಿಸಿರೆಂದೆವು. ಒಬ್ಬ ಹುಡುಗ ತಟ್ಟಿದನು; ಐದಾರು ಪೆಟ್ಟಿಗೊಮ್ಮೆ ಕೈ ಸ್ವಲ್ಪ ಎಡವಿತು. ಪಕ್ಕದ ಮನೆಯ ಹುಡುಗಿ ಕೂಡಲೇ, “ಸಾರ್, ಅದು ಅವರ ಮೂರನೆಯ ಮಗ್ಗ, ಅದರ ಕೋಲು ಸವೆದಿದೆ” ಎಂದಳು. ಶ್ರುತಿ ಲಯಗಳ ಬಗ್ಗೆ ನಾವು ಇನ್ನೇನನ್ನು ಕಲಿಸಬೇಕಾಗಿತ್ತೋ ಕಾಣೆವು. ಮಗ್ಗದ ಭಾಗಗಳ ಹೆಸರನ್ನು ಕೇಳಿದಾಗ ಮಾತ್ರ ಬೇರೆಯೇ ಕಥೆ. ಲಾಳಿ, ಹಾಸು, ಹೊಕ್ಕು ಎಂಬ ಮಾತುಗಳು ಅಜ್ಜಿಯರಿಂದ ಬಂದವು. ಮಿಕ್ಕವೆಲ್ಲ ತಮಿಳು, ಇಂಗ್ಲಿಷು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದಿರುವ ನಮ್ಮವರಿಗೆ ಕುಣಿಮಗ್ಗ ಮುಚ್ಚಿದಾಗ ಕನ್ನಡದ ಒಂದು ಕೋಣೆಯೂ ಮುಚ್ಚಿಹೋಗಿದೆ.

ಆದುದರಿಂದಲೇ ಆ ಮೇಳದವರ ಇನ್ನೊಂದು ಕೆಲಸ ನಮಗೆ ಹೆಚ್ಚು ಹತ್ತಿರವಾಯಿತು. 1988ರ ಕೊನೆಯಲ್ಲಿ ಅವರು ಬ್ರಿತ್ ಗೋವ್ ಎಂಬ ವೇಲ್ಸಿನ ನಾಟಕ ತಂಡದೊಡನೆ ಸೇರಿ, ಕಾರ್ಡಿಫ್ ನಗರದ ಮುಚ್ಚಿದ ರೋವರ್ ಕಾರು ಕಾರ್ಖಾನೆಯಲ್ಲಿ ‘ಗೊಡೊದಿನ್’ ಎಂಬ ಪ್ರಾಚೀನ ವೇಲ್ಸ್ ಕಾವ್ಯವನ್ನು ಪ್ರದರ್ಶಿಸಿದರು. ಬೃಹತ್ ಸೈನ್ಯದೆದುರು ಹೋರಾಡಿ ಹೆಚ್ಚುಕಡಮೆ ಎಲ್ಲರೂ ಮಡಿದ 300 ವೀರರ ಕಥೆಯದು. ಕಾರ್ಖಾನೆಯ ನೆಲಕ್ಕೆ ಮರಳು, ಮರಗಳು, ಮುರಿದ ಕಾರುಗಳು, ಕೊನೆಗೆ ನೀರು. ಇಂಗ್ಲಿಷಿನ ನೆರೆಯಲ್ಲಿ ಕುಗ್ಗಿಹೋಗಿದ್ದ ಭಾಷೆಯೊಂದು, ಕೆಲಸ ಕಳೆದುಕೊಂಡ ಕಾರ್ಖಾನೆಯಲ್ಲಿ, ಗುಜರಿಯ ಬಡಿತದೊಡನೆ ಎದ್ದು ನಿಂತಿತು.

ಹೀಗೆ ರೈಲ್ವೆ ಕಾರ್ಯಾಗಾರಗಳಲ್ಲಿ, ಪಾಳು ಕಟ್ಟಡಗಳಲ್ಲಿ ದೊಡ್ಡ ದೊಡ್ಡ ಪ್ರದರ್ಶನಗಳನ್ನು ನಡೆಸಿದ ಮೇಳವು ಬಳಿಕ ಮೆಲ್ಲಮೆಲ್ಲನೆ ಸಡಿಲವಾಯಿತು. ಫಾರ್ಕರ್ ಗ್ಲಾಸ್ಗೋ ನಗರಕ್ಕೆ ಹೋಗಿ 1992ರಲ್ಲಿ ತಮ್ಮದೇ ಕಲಾಸಂಸ್ಥೆಯನ್ನು ಕಟ್ಟಿದರು. ಉಳಿದವರು ವಿದ್ಯುನ್ಮಾನ ಯಂತ್ರಗಳ ನೃತ್ಯಸಂಗೀತದತ್ತ ಹೊರಳಿದರು. 1997ರಲ್ಲಿ ಮೇಳ ಚದುರಿತು. ತಗಡು ಬಡಿಯುವ ತೋಳುಗಳನ್ನು ಬಿಟ್ಟು ಗುಂಡಿ ಒತ್ತುವ ಬೆರಳುಗಳಿಗೆ ಬಂದಾಗಲೇ ಅದು ಮುಗಿದಿತ್ತೆಂದು ನಮ್ಮ ಎಣಿಕೆ. ನಮ್ಮ ವಿದ್ಯಾರ್ಥಿ ಇದನ್ನು ಒಪ್ಪುವುದಿಲ್ಲ. 2014ರಲ್ಲಿ, ಗಣಿ ಮುಷ್ಕರಕ್ಕೆ 30 ವರ್ಷ ತುಂಬಿದಾಗ, ಕನಿಂಗ್ಟನ್ ಮತ್ತು ಜಾಮ್‌ರೋಜಿ ಮತ್ತೆ ಕೂಡಿ, ಹಿಂದೆ ಕಲ್ಲಿದ್ದಲನ್ನು ಹಡಗಿಗೆ ತುಂಬುತ್ತಿದ್ದ ಗೇಟ್ಸ್‌ಹೆಡ್ಡಿನ ಮರದ ಕಟ್ಟೆಯ ಮೇಲೆ ಆ ದಿನಗಳ ಚಿತ್ರಗಳನ್ನೂ ಸದ್ದನ್ನೂ ಜನರ ಮುಂದಿಟ್ಟರು. ಮರುವರ್ಷ ಡಿಸೆಂಬರಿನಲ್ಲಿ ಬ್ರಿಟನ್ನಿನ ಕೊನೆಯ ಆಳದ ಕಲ್ಲಿದ್ದಲ ಗಣಿಯೂ ಮುಚ್ಚಿತು.

ಕೊಯಮತ್ತೂರಿನಲ್ಲಿ ಮೊದಲ ಹತ್ತಿಗಿರಣಿ ಹುಟ್ಟಿದ್ದು 1888ರಲ್ಲಿ; 1930ರ ದಶಕದಲ್ಲಿ ಪೈಕಾರಾದ ವಿದ್ಯುತ್ತು ಬಂದ ಮೇಲೆ ಗಿರಣಿಗಳು ಸಾಲುಸಾಲಾಗಿ ಎದ್ದವು. ಪಾಳಿ ಬದಲಾಗುವಾಗ ಕೂಗುತ್ತಿದ್ದ ಗಿರಣಿಯ ‘ಸಂಗು’ ನಮ್ಮ ಬಾಲ್ಯದ ಗಡಿಯಾರವಾಗಿತ್ತು. 2020ರ ಮಾರ್ಚಿಯಲ್ಲಿ ಕೊರೋನಾ ನಿರ್ಬಂಧದಿಂದ ನಿಂತ ರಾಷ್ಟ್ರೀಯ ಜವಳಿ ನಿಗಮದ ಗಿರಣಿಗಳು ಮತ್ತೆ ಮೊದಲಿನಂತೆ ಓಡಲೇ ಇಲ್ಲ. ಆ ಸಂಗಿನ ದನಿಯನ್ನು, ಇಲ್ಲವೇ ಮನೆಯ ಹಿರಿಯರು ಕುಣಿಮಗ್ಗ ನೇಯುವಾಗಿನ ಸದ್ದನ್ನು, ಯಾರಾದರೂ ಹಳೆಯ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರೆ ದಯಮಾಡಿ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಬೇಕು. ಕ್ಯಾಸೆಟ್ಟು ಕೇಳಿಸುವ ಯಂತ್ರ ನಮ್ಮ ಶಾಲೆಯಲ್ಲಿ ಇನ್ನೂ ಒಂದು ಉಂಟು.